ಸೀಮೆಸುಣ್ಣ ಹಿಡಿದು ಟೈರು ಅಳೆದ ದಿನ

ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಕಾರು ನಿಲ್ಲಿಸಲು ಹೊರಟಿದ್ದೆ. ನಡೆದು ಹೋಗುವಷ್ಟೇ ವೇಗ. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಕಾರು ಬಿಗಿಯಾಯಿತು. ಮರುಕ್ಷಣ ಸಣ್ಣಗೆ ಜಿಗಿಯಿತು. ಬ್ರೇಕ್ ಹಿಡಿದುಕೊಂಡಿದೆಯೇನೋ ಅಂತ ಇಳಿದು ನಾಲ್ಕೂ ಚಕ್ರಗಳ ಹತ್ತಿರ ಕೈ ಇಟ್ಟು ನೋಡಿದೆ. ಯಾವುದೂ ಅಷ್ಟು ಬಿಸಿ ಇರಲಿಲ್ಲ. ಆದರೆ ಕಾರಿನ ಅಡಿಯಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು.

ಎರಡು ದಿನ ಮೊದಲು ಚೂಪು ಕಲ್ಲೊಂದು ಹಿಂದಿನ ಎಡ ಟೈರಿನ ಪಕ್ಕವನ್ನು ಸೀಳಿತ್ತು. ಮೊಳೆ ಚುಚ್ಚಿದ್ದರೆ ಪಂಕ್ಚರ್ ಹಾಕಿಸಬಹುದಿತ್ತು. ಪಕ್ಕ ಸೀಳಿದರೆ ಆ ಟೈರು ಮುಗಿದಂತೆಯೇ. ನನ್ನ ಕಾರಿನದು 225/55 ಆರ್ 17. ಅಂಗಡಿಯಲ್ಲಿ ಆ ಅಳತೆ ಸಿಗಲಿಲ್ಲ, 225/60 ಆರ್ 17 ಇತ್ತು. "ರಿಮ್ ಅದೇ, ಅಗಲ ಅದೇ, ಸರಿಯಾಗಿ ಕೂರುತ್ತೆ" ಅಂದರು. ಕೂತಿತು. ಎಲ್ಲೂ ಉಜ್ಜಲಿಲ್ಲ. ಹಾಗೇ 120 ಕಿ.ಮೀ. ಓಡಿಸಿದ್ದೆ.

ನಮ್ಮ ಮೆಕ್ಯಾನಿಕ್ ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಬಾನೆಟ್ ಕೂಡ ತೆಗೆಯದೆ, ಒಂದೊಂದು ಚಕ್ರದ ಮುಂದೆಯೂ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲಿನ ಅಂಕಿ ಓದಿದರು. "ಮೇಡಂ, ಇದು ಆಲ್ ವೀಲ್ ಡ್ರೈವ್ ಅಲ್ವಾ? ಇನ್ನು ಒಂದು ಕಿಲೋಮೀಟರೂ ಓಡಿಸಬೇಡಿ" ಅಂದರು. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಕಾರು ನನ್ನದು. ಆಮೇಲೆ ಸೀಮೆಸುಣ್ಣ ತಂದರು.

ಕೆಲಸ ಬಹಳ ಸರಳ. ಟೈರು ನೆಲಕ್ಕೆ ತಾಗುವ ಕಡೆ ಒಂದು ಗೆರೆ, ಅದರ ನೇರಕ್ಕೆ ನೆಲದ ಮೇಲೂ ಒಂದು ಗೆರೆ. ಚಕ್ರ ಒಂದು ಸುತ್ತು ಬರುವವರೆಗೆ ಕಾರನ್ನು ನಿಧಾನ ತಳ್ಳಬೇಕು. ಟೈರಿನ ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು. ನನ್ನ ತಮ್ಮ ತಳ್ಳಿದ, ನಾನು ಟೇಪು ಹಿಡಿದೆ. ಹಳೆಯ ಮೂರು ಟೈರು 204.5ರಿಂದ 205 ಸೆಂ.ಮೀ. ಬಂದವು. ಹೊಸದು 214. ಒಂಬತ್ತು ಸೆಂಟಿಮೀಟರ್ ಜಾಸ್ತಿ! ನಾನು ಎರಡು ಸಲ ಅಳೆದೆ.

ಅಷ್ಟು ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಆರ್ 17 ಅಂದರೆ 17 ಇಂಚಿನ ರಿಮ್ಮಿನ ಟೈರು. 225 ಅಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. 55 ಮಾತ್ರ ಮಿ.ಮೀ. ಅಲ್ಲ, ಅಗಲದ ಶೇಕಡಾ. ಅಂದರೆ ಪಕ್ಕದ ಎತ್ತರ ಸುಮಾರು 124 ಮಿ.ಮೀ. ಅದೇ 60 ಆದರೆ 135. ಮೇಲೆ, ಕೆಳಗೆ ಎರಡೂ ಕಡೆ ಸೇರಿ ಚಕ್ರ 22.5 ಮಿ.ಮೀ. ದೊಡ್ಡದಾಗುತ್ತದೆ. ಅದರ ಜೊತೆಗೆ ನನ್ನ ಹಳೆಯ ಟೈರುಗಳ ಗ್ರಿಪ್ 8 ಮಿ.ಮೀ.ನಿಂದ 4ಕ್ಕೆ ಸವೆದಿತ್ತು. ಹಾಗಾಗಿ ಅವು ಅಡ್ಡಳತೆಯಲ್ಲಿ ಇನ್ನೂ 8 ಮಿ.ಮೀ. ಚಿಕ್ಕದಾಗಿದ್ದವು. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಏಕೆಂದರೆ ಅಂಗಡಿಯಲ್ಲಿ ಸರಿಯಾದ ಅಳತೆಯ ಟೈರೇ ಸಿಕ್ಕಿ ಒಂದನ್ನೇ ಹಾಕಿಸಿದ್ದರೂ ಸುತ್ತಳತೆಯಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಇರುತ್ತಿತ್ತು. ಕೆಲವು ಕಂಪನಿಗಳು ತಮ್ಮ ಆಲ್ ವೀಲ್ ಡ್ರೈವ್ ಕಾರುಗಳಿಗೆ ಹೇಳುವ ಮಿತಿ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಅಷ್ಟೇ.

ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತಬೇಕು. ನನ್ನ ಕಾರಿನಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 21 ಸುತ್ತು ವ್ಯತ್ಯಾಸ. ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರಾಗಿದ್ದರೆ ಹಿಂದಿನ ಚಕ್ರ ತನ್ನ ಪಾಡಿಗೆ ಉರುಳಿಕೊಂಡು ಹೋಗುತ್ತಿತ್ತು. ನನ್ನ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ವಿಸ್ಕಸ್ ಕಪ್ಲಿಂಗ್ ಇದೆ. ಗಟ್ಟಿ ಸಿಲಿಕೋನ್ ದ್ರವದಲ್ಲಿ ಮುಳುಗಿದ ತೆಳು ಬಿಲ್ಲೆಗಳ ಸಾಲು ಅದು. ಕೆಸರಿನಲ್ಲಿ ಒಂದು ಚಕ್ರ ಜಾರಿದಾಗ ಆ ಬಿಲ್ಲೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ದ್ರವ ಬಿಸಿಯಾಗಿ ಎರಡೂ ಕಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಸ್ವಲ್ಪ ಹೊತ್ತು ನಡೆಯಬೇಕಾದ ಈ ಕೆಲಸ ನನ್ನ ಕಾರಿನಲ್ಲಿ ನೇರ ರಸ್ತೆಯಲ್ಲೂ 120 ಕಿ.ಮೀ. ಬಿಡದೆ ನಡೆದಿತ್ತು. ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಿಂದಿನ ಡಿಫರೆನ್ಷಿಯಲ್‌ಗೂ ಬಿಡುವು ಸಿಕ್ಕಿರಲಿಲ್ಲ. ಎಣ್ಣೆ ಇಳಿಸಿ ನೋಡಿದರೆ ಕಪ್ಪಗಾಗಿತ್ತು. ಲೋಹದ ಚೂರು ಇರಲಿಲ್ಲ. ಅದನ್ನು ನೋಡಿದ ಮೇಲೆಯೇ ನನಗೆ ಉಸಿರು ಬಂದದ್ದು.

ನಾಲ್ಕೂ ಟೈರು ಬದಲಿಸುವುದು ಅಂತಾಯಿತು. "ಅಕ್ಕಾ, ಹೇಗೂ ಎಲ್ಲಾ ಹೊಸದು ಹಾಕ್ತೀಯಲ್ಲ, 18 ಇಂಚು ಹಾಕೋಣ" ಅಂದ ತಮ್ಮ. ಅವನ ಗೆಳೆಯನ ಹತ್ತಿರ ಒಂದು ಸೆಟ್ ಅಲಾಯ್ ರಿಮ್ ಇತ್ತು. ನನಗೂ ಆಸೆಯಾಯಿತು. ಟೈರಿನ ಲೆಕ್ಕ ಚೆನ್ನಾಗಿಯೇ ಇತ್ತು. 225/50 ಆರ್ 18 ಹಾಕಿದರೆ ಅಡ್ಡಳತೆ 682 ಮಿ.ಮೀ., ಕಂಪನಿಯದು 679. ಸ್ಪೀಡೋಮೀಟರ್ ಕೂಡ ಹೆಚ್ಚುಕಡಿಮೆ ಅದೇ ತೋರಿಸುತ್ತದೆ. ಬೋಲ್ಟುಗಳ ಲೆಕ್ಕವೂ ಹೊಂದುತ್ತಿತ್ತು.

ತೊಡಕು ಬಂದದ್ದು ರಿಮ್ಮಿನ ಆಫ್‌ಸೆಟ್‌ನಲ್ಲಿ. ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ, ಅಂದರೆ ಚಕ್ರವನ್ನು ಬೋಲ್ಟ್ ಮಾಡುವ ನಡುಭಾಗಕ್ಕೆ, ಕೂರುವ ಮುಖಕ್ಕೆ ಎಷ್ಟು ಮಿ.ಮೀ. ದೂರ ಅನ್ನೋದೇ ಆಫ್‌ಸೆಟ್. ನನ್ನದು 7 ಇಂಚು ಅಗಲ, ಆಫ್‌ಸೆಟ್ 48. ಅವನ ಗೆಳೆಯನದು 8 ಇಂಚು, 35. ಒಳಗಡೆ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತಿತ್ತು. ಹೊರಗೆ ಮಾತ್ರ ಪ್ರತಿ ಚಕ್ರವೂ 26 ಮಿ.ಮೀ. ಚಾಚಿಕೊಳ್ಳುತ್ತಿತ್ತು. ಒಂದನ್ನು ಮುಂದೆ ಹಾಕಿ, ಜಾಕ್ ಇಳಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದೆವು. ಟೈರಿನ ಅಂಚು ಫೆಂಡರಿನ ಒಳಗಿನ ಪ್ಲಾಸ್ಟಿಕ್ಕಿಗೆ ತಾಗಿತು. ಕಾರು ಖಾಲಿ ಇದ್ದಾಗಲೇ ಹೀಗೆ. ನಾಲ್ಕು ಜನ ಕೂತು ಹಳ್ಳಕ್ಕೆ ಇಳಿದರೆ? ಮೇಲಾಗಿ ಚಕ್ರ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಹೊರೆ ಜಾಸ್ತಿ.

ತಮ್ಮ ತುಂಬ ಹೊತ್ತು ಆ ಚಕ್ರವನ್ನೇ ನೋಡುತ್ತಾ ನಿಂತಿದ್ದ. ನೋಡಲು ನಿಜಕ್ಕೂ ಚೆಂದ ಇತ್ತು. ಆದರೂ ತೆಗೆಸಿದೆ. ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಇದ್ದ ಅಳತೆಯನ್ನೇ ಆರಿಸಿದೆ. 225/55 ಆರ್ 17, ಹೊರೆಯ ಅಂಕಿ 97. ಒಂದೊಂದು ಟೈರೂ 730 ಕೆ.ಜಿ. ಹೊರಬಲ್ಲದು ಅಂತ ಅದರ ಅರ್ಥ. ನಾಲ್ಕೂ ಒಂದೇ ಕಂಪನಿಯವು, ಒಂದೇ ಮಾದರಿಯವು. ಒಂದೇ ಅಂಕಿ ಬರೆದಿದ್ದರೂ ಬೇರೆ ಬೇರೆ ಕಂಪನಿಯ ಟೈರುಗಳ ಸುತ್ತಳತೆ ಸ್ವಲ್ಪ ಬೇರೆ ಇರುತ್ತದೆ.

ಟೈರು ಹಾಕಿಸಿ ಗಾಳಿ ಸಮ ಮಾಡಿಸಿದ ಮೇಲೆ ಅದೇ ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡು ಸುತ್ತು ಹಾಕಿದೆ. ಕಾರು ಎಲ್ಲೂ ಬಿಗಿಯಲಿಲ್ಲ. ಈಗ 8,000 ಕಿ.ಮೀ.ಗೊಮ್ಮೆ ಚಕ್ರಗಳನ್ನು ಹಿಂದೆ ಮುಂದೆ ಬದಲಿಸುತ್ತೇನೆ. ಸೀಮೆಸುಣ್ಣ ಮತ್ತು ಟೇಪು ಡಿಕ್ಕಿಯಲ್ಲೇ ಇವೆ. ಕಳೆದ ಸಲ ಅಳೆದಾಗ ನಾಲ್ಕು ಟೈರುಗಳ ನಡುವಿನ ವ್ಯತ್ಯಾಸ 3 ಮಿ.ಮೀ.