ಮನೆ ಕಾವಲಿಗೆ ಮೊದಲ ಬಂದೂಕು ಯಾವುದು?

ಹೋದ ತಿಂಗಳು ಮತ್ತೊಬ್ಬರು ಕೇಳಿದರು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ದುಡಿದು, ಗುಬ್ಬಿ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟ ಕೊಂಡು, ತೋಟದಲ್ಲೇ ಮನೆ ಕಟ್ಟಿಸಿದ್ದಾರೆ. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗ. ಊರಿನಿಂದ ಮುಕ್ಕಾಲು ಕಿಲೋಮೀಟರ್ ಒಳಗೆ. "ಅಣ್ಣ, ನಿಮ್ಮನೇಲಿ ಬಂದೂಕು ಇದೆಯಂತೆ. ಮನೆ ಕಾವಲಿಗೆ ನಾನೂ ಒಂದು ತಗೊಳ್ಳೋಣ ಅಂತಿದ್ದೀನಿ. ಮೊದಲ್ನೇದು ಅಂದ್ರೆ ರಿವಾಲ್ವರೇ ವಾಸಿ ಅಲ್ವಾ?"

ಅಡಿಕೆ ಕೊಯ್ಲು ಶುರುವಾದರೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಭಯ ಸುಳ್ಳಲ್ಲ. ನಮ್ಮ ಗುಬ್ಬಿ, ತಿಪಟೂರು ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಅನ್ನಬೇಕು. ಅಂದರೆ ಇಡೀ ವರ್ಷದ ದುಡಿಮೆ ನಾವು ಮಲಗುವ ತಲೆಯ ಮೇಲೇ ಇರುತ್ತದೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ. ಒಂಟಿ ಮನೆ, ಸುತ್ತ ಕತ್ತಲು. ನಾಯಿ ಒಮ್ಮೆ ಬೊಗಳಿದರೂ ಎದೆ ಹೊಡೆದುಕೊಳ್ಳುತ್ತದೆ.

ಹಾಗಾಗಿ ನೇರವಾಗಿ ಉತ್ತರ ಹೇಳುತ್ತೇನೆ. ತೋಟದ ಮನೆಗೆ, ಮೊದಲ ಸಲ ತಗೊಳ್ಳುವವರಿಗೆ, 12 ಬೋರಿನ ಡಬಲ್ ಬ್ಯಾರಲ್, ಅಂದರೆ ಎರಡು ನಳಿಗೆಯ ಬಂದೂಕು. ರಿವಾಲ್ವರ್ ಬೇಡ, ರೈಫಲ್ ಬೇಡ. ಆದರೆ ಅದನ್ನೂ ಎಲ್ಲರೂ ತಗೊಳ್ಳಬಾರದು. ಏಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಬಂದೂಕು ಅಪ್ಪನದು. ಅವರಿಗೆ 70 ತುಂಬಿದ ಮೇಲೆ ನನ್ನ ಹೆಸರಿಗೆ ಲೈಸೆನ್ಸ್ ಆಯಿತು. ಲೈಸೆನ್ಸುದಾರರಿಗೆ 70 ವರ್ಷ ಆದರೆ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು ಅಂತ 2016ರ ಆಯುಧ ನಿಯಮಗಳಲ್ಲಿದೆ. ಅಪ್ಪ ಅದನ್ನು ಒಪ್ಪಿಸುವ ಮುಂಚೆ ಒಂದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮಂಚದ ಮೇಲೆ ಹಳೇ ಪಂಚೆ ಹಾಸಿ, ಮೇಲಿನ ಸನ್ನೆ ಪಕ್ಕಕ್ಕೆ ಒತ್ತಿ, ಬಂದೂಕನ್ನು ಮುರಿದಂತೆ ಬಗ್ಗಿಸುತ್ತಿದ್ದರು. ಎರಡು ನಳಿಗೆಯ ಬಾಯಿ ತೆರೆದುಕೊಳ್ಳುತ್ತಿತ್ತು. ಕಿಟಕಿ ಬೆಳಕಿಗೆ ಹಿಡಿದು ಒಳಗೆ ನೋಡು ಅನ್ನುತ್ತಿದ್ದರು. ಒಳಗೋಡೆ ಕನ್ನಡಿಯ ಹಾಗೆ ಹೊಳೆಯಬೇಕು. ಮಸುಕಿದ್ದರೆ ಎಣ್ಣೆ ಬಟ್ಟೆ, ಮತ್ತೆ ಒಣ ಬಟ್ಟೆ. ಆ ಎಣ್ಣೆಯ ವಾಸನೆ ಬಂದರೆ ಈಗಲೂ ಅಪ್ಪ ಪಕ್ಕದಲ್ಲಿದ್ದಾರೆ ಅನ್ನಿಸುತ್ತದೆ.

ನಾನು 12 ಬೋರ್ ಅನ್ನುವುದಕ್ಕೆ ಮೊದಲ ಕಾರಣ ಈ ತೆರೆದ ಬಾಯಿಯೇ. ತೋಟಾ, ಅಂದರೆ ಬಂದೂಕಿಗೆ ತುಂಬುವ ಗುಂಡಿನ ಕೊಳವೆ, ಇದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಬಗ್ಗಿಸಿ ತೆರೆದಿಟ್ಟ ಬಂದೂಕು ಹಾರುವುದಿಲ್ಲ. ಎದುರಿಗಿರುವವರಿಗೂ ಅದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಎರಡು ಟ್ರಿಗರ್, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಹೊಸಬರ ಕೈಗೆ ಇದಕ್ಕಿಂತ ಸರಳವಾದದ್ದು ಇಲ್ಲ.

ಕಾನೂನೂ ಇದಕ್ಕೇ ಒಲಿದಿದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ರಕ್ಷಣೆಗೆ ಅಂತ ಹೆಸರಿಟ್ಟು ಹೇಳುವುದು 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಗೆಯ ಬಂದೂಕನ್ನೇ. ರಿವಾಲ್ವರ್ ಬೇಕು ಅಂದರೆ ಏಕೆ ಬೇಕು ಅಂತ ಅಧಿಕಾರಿಗೆ ಒಪ್ಪಿಸಬೇಕು. ನಮ್ಮಂಥವರಿಗೆ ಸಿಗುವುದು .32 ಬೋರಿನದು. 9 ಎಂಎಂ ಥರದ್ದೆಲ್ಲ ನಿಷೇಧಿತ ಬೋರು, ಅದರ ಆಸೆಯೇ ಬೇಡ. .32ರ ಬೆಲೆ ಲಕ್ಷ ದಾಟುತ್ತದೆ. ದುಡ್ಡು ಹೋಗಲಿ, ಗಿಡ್ಡ ನಳಿಗೆಯ ರಿವಾಲ್ವರಿನಲ್ಲಿ ಹತ್ತು ಹೆಜ್ಜೆ ದೂರಕ್ಕೆ ಗುರಿ ಹಿಡಿಯುವುದು ತುಂಬಾ ಕಷ್ಟ. ಅದೂ ನಿದ್ದೆಗಣ್ಣಲ್ಲಿ, ನಡುಗುವ ಕೈಯಲ್ಲಿ. ಅಭ್ಯಾಸ ಬೇಕು. ಅಭ್ಯಾಸಕ್ಕೆ ಗುಂಡು ಬೇಕು, ಜಾಗ ಬೇಕು. ವರ್ಷಕ್ಕೆ ಇಷ್ಟೇ ಗುಂಡು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಇನ್ನೊಂದು, ರಿವಾಲ್ವರ್ ಚಿಕ್ಕದು. ದಿಂಬಿನ ಕೆಳಗೆ, ಕಾರಿನಲ್ಲಿ, ಸೊಂಟದಲ್ಲಿ ಎಲ್ಲೆಂದರಲ್ಲಿ ಇಡುವ ಚಟ ಹತ್ತುತ್ತದೆ. ಮದುವೆ ಮನೆಗೂ ಹೊರಡುತ್ತದೆ. 2019ರ ತಿದ್ದುಪಡಿ ಆದ ಮೇಲೆ ಸಂಭ್ರಮಕ್ಕೆ ಅಂತ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ರೈಫಲ್ ಮಾತು ಬೇಗ ಮುಗಿಸುತ್ತೇನೆ. .315 ಗುಂಡು ಗುರಿ ತಪ್ಪಿದರೆ ಪಕ್ಕದ ತೋಟ ದಾಟಿ ಅದರಾಚೆ ತೋಟಕ್ಕೂ ಹೋಗುತ್ತದೆ. ಅಲ್ಲಿ ಯಾರು ಕಾಯಿ ಆರಿಸುತ್ತಿದ್ದಾರೋ ಏನೋ.

12 ಅಂದರೆ ಏನು ಅಂತಲೂ ಕೇಳುತ್ತಾರೆ. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ, ಆ ಒಂದು ಉಂಡೆ ಸರಿಯಾಗಿ ಕೂರುವಷ್ಟು ಅಗಲದ ನಳಿಗೆ. ತೋಟಾದೊಳಗೆ ಸೀಸದ ಚಿಕ್ಕ ಗುಂಡುಗಳು ತುಂಬಿರುತ್ತವೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ: ಗುಂಡುಗಳು ಚದುರುತ್ತವೆ, ಆದ್ದರಿಂದ ಗುರಿಯೇ ಬೇಡ, ಆ ಕಡೆ ತಿರುಗಿಸಿ ಹೊಡೆದರೆ ಸಾಕು ಅಂತ. ಸುಳ್ಳು. ಒಂದು ಕೋಣೆಯಷ್ಟು ದೂರದಲ್ಲಿ ಅವು ಹರಡುವುದು ಅಂಗೈ ಅಗಲ ಅಷ್ಟೇ. ಗುರಿ ಬೇಕೇ ಬೇಕು.

ಹಳೇ ಬಂದೂಕು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಕೊಳ್ಳುವುದಾದರೆ ಇದನ್ನು ದಯವಿಟ್ಟು ನೆನಪಿಡಿ. ಹಳೇ ಬಂದೂಕುಗಳಲ್ಲಿ ಎಷ್ಟೋ ನಳಿಗೆಯ ತೋಟಾ ಕೂರುವ ಜಾಗ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು. ಈಗಿನ ತೋಟಾಗಳಲ್ಲಿ 70ರದ್ದು ಜಾಸ್ತಿ. ಮೋಸ ಎಲ್ಲಿದೆ ಅಂದರೆ, 70ರದ್ದು ಅದರೊಳಗೆ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚುತ್ತದೆ. ಆದರೆ ಹಾರಿದಾಗ ತೋಟಾದ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಳೇ ನಳಿಗೆ ಅದನ್ನು ತಡೆಯದೆ ಹೋಗಬಹುದು. ಮುಚ್ಚಿದ ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಲಟಲಟ ಸದ್ದು ಬಂದರೆ ಬೇಡ. ನಳಿಗೆಯೊಳಗೆ ತುಕ್ಕಿನ ಗುಳಿ ಕಂಡರೂ ಬೇಡ. ಗೊತ್ತಿರುವ ಬಂದೂಕು ರಿಪೇರಿಯವರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಇಷ್ಟು ಬಂದೂಕಿನ ಮಾತು. ಈಗ ಮನೆಯ ಮಾತು.

ನಮ್ಮ ಮನೆಯಲ್ಲಿ ಬಂದೂಕಿನ ಬೀರುವಿನ ಕೀಲಿಯನ್ನು ಅಪ್ಪ ರಾಗಿ ವಾಡೆಯ ಹಿಂದೆ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಯಾರಿಗೂ ಗೊತ್ತಿಲ್ಲ ಅಂತ ಅವರ ನಂಬಿಕೆ. ನನಗೆ ಏಳನೇ ವಯಸ್ಸಿಗೇ ಗೊತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬೀರು ತೆಗೆದು ನಳಿಗೆ ಮುಟ್ಟಿದ್ದೂ ಉಂಟು. ತಣ್ಣಗಿತ್ತು. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು. ಅಪ್ಪನಿಗೆ ಇದನ್ನು ಹೇಳಿದ್ದು ಲೈಸೆನ್ಸ್ ನನ್ನ ಹೆಸರಿಗೆ ಆದ ದಿನ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಮಾರನೇ ದಿನವೇ ನಂಬರ್ ಒತ್ತುವ ಲಾಕರ್ ತರಿಸಿ ಗೋಡೆಗೆ ಬೋಲ್ಟ್ ಹಾಕಿಸಿದರು. ಮಕ್ಕಳಿಗೆ ಗೊತ್ತಾಗದ ಜಾಗ ಅಂತ ಮನೆಯಲ್ಲಿ ಯಾವುದೂ ಇಲ್ಲ. ಅರ್ಜಿ ಹಾಕುವಾಗಲೇ ಬಂದೂಕನ್ನು ಎಲ್ಲಿ, ಹೇಗೆ ಭದ್ರವಾಗಿ ಇಡುತ್ತೀರಿ ಅಂತ ಬರೆದುಕೊಡಬೇಕು. ಅದನ್ನು ಸುಮ್ನೆ ಒಂದು ಕಾಗದ ಅಂದುಕೊಳ್ಳಬೇಡಿ. ಮನೆಯಲ್ಲಿ ಯಾರಾದರೂ ಕುಡಿಯುವವರಿದ್ದರೆ, ಯಾರಾದರೂ ಮನಸ್ಸು ಸರಿಯಿಲ್ಲದೆ ಒದ್ದಾಡುತ್ತಿದ್ದರೆ, ಬಂದೂಕೇ ಬೇಡ. ಕಳ್ಳ ಬರುವುದು ಯಾವತ್ತೋ ಒಂದು ದಿನ. ಮನೆಯವರು ದಿನಾ ಅಲ್ಲೇ ಇರುತ್ತಾರೆ.

ಆರು ವರ್ಷದ ಹಿಂದಿನ ಒಂದು ರಾತ್ರಿಯ ವಿಷಯ ಹೇಳಬೇಕು. ಬಂದೂಕು ಕೇಳಲು ಬಂದವರಿಗೆಲ್ಲ ಇದನ್ನು ಹೇಳುತ್ತೇನೆ. ಮಾರ್ಗಶಿರ ಮಾಸ, ಚಳಿ. ರಾತ್ರಿ ಎರಡೂವರೆ ಇರಬಹುದು. ನಾಯಿ ಬೊಗಳಿತು. ಅಂಗಳದಲ್ಲಿ ಹದಿನೈದು ಚೀಲ ಅಡಿಕೆ ಇತ್ತು. ಬಂದೂಕು ತೆಗೆದು, ಎರಡು ತೋಟಾ ಹಾಕಿ, ಬಾಯಿ ತೆರೆದೇ ತೋಳಿನ ಮೇಲೆ ಇಟ್ಟುಕೊಂಡು ಹಿತ್ತಲಿಗೆ ಬಂದೆ. ಕಾಣುವವರೆಗೆ ಮುಚ್ಚಬಾರದು ಅಂತ ಅಪ್ಪ ಕಲಿಸಿದ್ದರು. ತೆಂಗಿನ ಸಾಲಿನ ಕೊನೆಯಲ್ಲಿ ಒಂದು ಆಕಾರ. ತಲೆಗೆ ಟವೆಲ್ ಸುತ್ತಿದೆ, ಬಗ್ಗಿ ಏನೋ ಮಾಡುತ್ತಿದೆ. ಟಾರ್ಚ್ ಇಲ್ಲ. ನಾನು ಬಂದೂಕು ಮುಚ್ಚಿದೆ. ಟಕ್ ಅಂತ ಸದ್ದಾಯಿತು. ಆ ಸದ್ದಿಗೆ ಆ ಆಕಾರ ಎದ್ದು ನಿಂತಿತು. "ಯಾರ್ಲಾ ಅದು?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನಾನು ಕಣಣ್ಣ. ಮೋಟ್ರು ಹಾಕೋಕ್ ಬಂದೆ."

ನನ್ನ ಚಿಕ್ಕಪ್ಪನ ಮಗ. ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ಅವನ ಸ್ಟಾರ್ಟರ್ ಕೆಟ್ಟಿತ್ತು, ಬದುವಿನ ಹತ್ತಿರ ವೈರ್ ನೋಡುತ್ತಿದ್ದ. ಟಾರ್ಚಿನ ಸೆಲ್ ಮುಗಿದಿತ್ತಂತೆ.

ನಾನು ಅಲ್ಲೇ ತೆವರಿಯ ಮೇಲೆ ಕೂತುಬಿಟ್ಟೆ. ತೋಟಾ ಹೊರಗೆ ತೆಗೆಯಲು ಬೆರಳು ಬರಲಿಲ್ಲ. ಅವನೇ ಹತ್ತಿರ ಬಂದು "ಯಾಕಣ್ಣ, ಹುಷಾರಿಲ್ವಾ?" ಅಂತ ಕೇಳಿದ. ಅವನ ಮಗಳಿಗೆ ಆಗ ಮೂರು ತಿಂಗಳು. ಅವನಿಗೆ ಇವತ್ತಿಗೂ ನಾನು ಪೂರ್ತಿ ಹೇಳಿಲ್ಲ.

ನಮ್ಮ ತೋಟಗಳಲ್ಲಿ ರಾತ್ರಿ ಓಡಾಡುವವರು ಕಳ್ಳರಷ್ಟೇ ಅಲ್ಲ. ನೀರು ಕಟ್ಟುವವರು, ಹಂದಿ ಕಾಯುವವರು, ಹಸು ಕಳೆದುಕೊಂಡವರು, ಕುಡಿದು ದಾರಿ ತಪ್ಪಿದವರು. ಆದ್ದರಿಂದ ಬಂದೂಕಿಗಿಂತ ಮೊದಲು ಟಾರ್ಚ್ ಕೊಳ್ಳಿ, ಒಳ್ಳೆಯದು, ಇನ್ನೂರು ಅಡಿ ದೂರದ ಮುಖ ಕಾಣುವಂಥದ್ದು. ಕೂಗಿ. ಉತ್ತರ ಬರುವವರೆಗೆ ಕಾಯಿರಿ. ಚಿರತೆ ಕಂಡರೆ ಒಳಗೆ ಬಂದು ಬಾಗಿಲು ಹಾಕಿ ಅರಣ್ಯ ಇಲಾಖೆಗೆ ಫೋನ್ ಮಾಡಿ. ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲನೇ ಪಟ್ಟಿಯ ಪ್ರಾಣಿ.

ಹೊಡೆದರೆ ಏನಾಗುತ್ತೆ ಅಂತ ಕೇಳುವವರಿಗೂ ಹೇಳಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ನೇ ಕಲಮಿನವರೆಗೆ ಇದೆ. ದರೋಡೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಂಥದ್ದರಲ್ಲಿ ಆ ಹಕ್ಕು ಎದುರಾಳಿಯ ಪ್ರಾಣದವರೆಗೂ ಹೋಗುತ್ತದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚು ಇಲ್ಲ. ಅಂಗಳದಿಂದ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಅಲ್ಲ. ಕಾನೂನು ಏನಾದರೂ ಹೇಳಲಿ, ಒಂದು ಚೀಲ ಅಡಿಕೆಗೆ ಒಬ್ಬನ ಪ್ರಾಣ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಲೈಸೆನ್ಸ್ ವಿಷಯ ಚಿಕ್ಕದಾಗಿ: ನಮ್ಮ ಜಿಲ್ಲೆಯಲ್ಲಿ ಕೊಡುವವರು ಜಿಲ್ಲಾಧಿಕಾರಿ. 21 ವರ್ಷ ತುಂಬಿರಬೇಕು. ಎ-1 ನಮೂನೆಯ ಅರ್ಜಿ, ಪೊಲೀಸ್ ವರದಿ, ಸುರಕ್ಷತೆಯ ತರಬೇತಿ ಪ್ರಮಾಣಪತ್ರ. ಸಿಕ್ಕರೆ 5 ವರ್ಷಕ್ಕೆ. ಬೇಗ ಸಿಗುತ್ತದೆ ಅಂತ ಲೈಸೆನ್ಸ್ ಇಲ್ಲದ ನಾಡ ಬಂದೂಕು ತೋರಿಸುವವರು ಇದ್ದಾರೆ. ಹತ್ತಿರವೂ ಸುಳಿಯಬೇಡಿ. ಕಡಿಮೆ ಅಂದರೆ 2 ವರ್ಷ ಜೈಲು.

ಇನ್ನೊಂದು ವಿಷಯ ಯಾರೂ ಮೊದಲೇ ಯೋಚಿಸುವುದಿಲ್ಲ. ಚುನಾವಣೆ ಬಂದರೆ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಲು ಹೇಳುತ್ತಾರೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಬಂತು, ಮತ ಎಣಿಕೆ ಆದದ್ದು ಜೂನ್ 4ಕ್ಕೆ. ಅಷ್ಟೂ ದಿನ ನಮ್ಮ ಲಾಕರ್ ಖಾಲಿ. ಅಟ್ಟದ ತುಂಬಾ ಕೊಬ್ಬರಿ ಇತ್ತು. ಮನೆ ಕಾದದ್ದು ಎರಡು ನಾಯಿ, ನಾಲ್ಕು ಮೂಲೆಗೆ ಹಾಕಿಸಿದ ಸೋಲಾರ್ ಲೈಟು, ಹಲಸಿನ ಮರದ ಹಿಂಬಾಗಿಲಿಗೆ ಹಾಕಿದ ಕಬ್ಬಿಣದ ಅಡ್ಡಪಟ್ಟಿ, ಮತ್ತೆ ಅಕ್ಕಪಕ್ಕದ ಏಳು ತೋಟದವರು ಒಬ್ಬರಿಗೊಬ್ಬರು ಮಾಡಿಕೊಂಡ ಒಂದು ಮಾತು: ರಾತ್ರಿ ಯಾರ ಫೋನ್ ಬಂದರೂ ಎಲ್ಲ ಮನೆಯ ಲೈಟೂ ಉರಿಯಬೇಕು, ಒಬ್ಬರು 112ಕ್ಕೆ ಫೋನ್ ಮಾಡಬೇಕು. ಈಗಲೂ ನಮ್ಮಲ್ಲಿ ಅದೇ ನಡೆಯುತ್ತಿದೆ.

ರಿವಾಲ್ವರ್ ಕೇಳಿದವರಿಗೆ ಇದನ್ನೆಲ್ಲ ಹೇಳಿದೆ. ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು. ಮಂಚದ ಮೇಲೆ ಪಂಚೆ ಹಾಸಿ ಬಂದೂಕು ತೆರೆದು ತೋರಿಸಿದೆ. ಆಕೆ ಬಂದೂಕಿಗಿಂತ ಜಾಸ್ತಿ ಹೊತ್ತು ಲಾಕರ್ ನೋಡಿದರು. ಗೋಡೆಗೆ ಎಷ್ಟು ಬೋಲ್ಟ್ ಹಾಕಿದ್ದೀರಿ, ನಂಬರ್ ಎಷ್ಟು ದಿನಕ್ಕೆ ಬದಲಾಯಿಸುತ್ತೀರಿ ಅಂತ ಕೇಳಿದರು. ಅರ್ಜಿ ಹಾಕುವ ಮಾತು ಈಗ ಕೊಯ್ಲು ಮುಗಿದ ಮೇಲೆ ಅಂತಾಗಿದೆ. ಹೊರಡುವಾಗ ನಮ್ಮ ನಾಯಿ ಯಾವಾಗ ಮರಿ ಹಾಕುತ್ತೆ ಅಂತ ವಿಚಾರಿಸಿದರು. ಎರಡು ಮರಿ ಅವರಿಗೆ ಅಂತ ಹೇಳಿ ಕಳಿಸಿದ್ದೇನೆ.