ಕೊಂಪಾ ತಾಳ: ಗಾಂಗ್ ಕೂತಿದೆ, ಗಿಟಾರ್ ಬಾಕಿ

ಕೆರಿಬಿಯನ್ ದೇಶ ಹೈಟಿಯ ಕುಣಿತದ ಸಂಗೀತ ಕೊಂಪಾ. ಅದರ ತಾಳವನ್ನು ಲ್ಯಾಪ್‌ಟಾಪ್‌ನಲ್ಲಿ ಕಟ್ಟುವ ಕೆಲಸ ಒಂದು ಹಂತಕ್ಕೆ ಬಂದಿದೆ. ತಾಳವಾದ್ಯಗಳು ಮುಗಿದಿವೆ. ಬೇಸ್ ಅರ್ಧ ಆಗಿದೆ. ಗಿಟಾರ್ ಇನ್ನೂ ಮುಟ್ಟಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಗಾಂಗ್, ಅಂದರೆ ಎರಡು ವಾದ್ಯಗಳ ಜೋಡಿ. ಕೊಂಪಾ ಬ್ಯಾಂಡ್‌ನಲ್ಲಿ ಒಬ್ಬನೇ ವಾದಕ ಒಂದು ಕೈಯಲ್ಲಿ ಕೌಬೆಲ್ ಅನ್ನೋ ಲೋಹದ ಗಂಟೆ, ಇನ್ನೊಂದು ಕೈಯಲ್ಲಿ ಫ್ಲೋರ್ ಟಾಮ್ ಅನ್ನೋ ದೊಡ್ಡ ಡ್ರಮ್ ಬಾರಿಸುತ್ತಾನೆ. ಎರಡನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಗ್ರಿಡ್‌ಗೆ, ಅಂದರೆ ಸಾಫ್ಟ್‌ವೇರ್‌ನ ಸಮ ಅಳತೆಯ ಗೆರೆಗಳಿಗೆ ಕೂರಿಸಿದರೆ ಲೆಕ್ಕವೆಲ್ಲ ಸರಿ ಇರುತ್ತೆ, ಆದರೆ ಕಾಲು ಅಲ್ಲಾಡಲ್ಲ. ಅದಕ್ಕೇ ಎರಡು ಪ್ಯಾಡ್ ಮುಂದಿಟ್ಟುಕೊಂಡು, ಎರಡೂ ಕೈಯಲ್ಲಿ ಒಟ್ಟಿಗೇ ಬಾರಿಸಿ ರೆಕಾರ್ಡ್ ಮಾಡಿದೆ. ಟಾಮ್ ಒಂಚೂರು ತಡವಾಗಿ ಬೀಳುತ್ತೆ. ಅದನ್ನು ತಿದ್ದಲಿಲ್ಲ. ಆ ತಡದಲ್ಲೇ ತೂಗಾಟ ಇರೋದು.

ಜೊತೆಗೆ ಹಳೇ ರೆಕಾರ್ಡ್ ಕೇಳುವ ಕೆಲಸವೂ ನಡೆದಿದೆ. 1955ರಲ್ಲಿ ಹೈಟಿಯ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ನೆಮೂರ್ ಜಾಂ-ಬತೀಸ್ತ್ ಶುರು ಮಾಡಿದ ಶೈಲಿ ಇದು. ಪಕ್ಕದ ದೇಶ ಡೊಮಿನಿಕನ್ ರಿಪಬ್ಲಿಕ್‌ನ ಕುಣಿತದ ಸಂಗೀತ ಮೆರೆಂಗೆಯ ಛಾಯೆ ಅದರಲ್ಲಿದೆ. ಪೈಪೋಟಿಗೆ ವೆಬೆರ್ ಸಿಕೊ 'ಕಾಡಾನ್ಸ್ ರಾಂಪಾ' ಅಂತ ಹೆಸರಿಟ್ಟು ಇನ್ನೊಂದು ಶೈಲಿ ತಂದ. ಇಬ್ಬರ ಅಭಿಮಾನಿಗಳ ಜಟಾಪಟಿ ಬೇರೆ! 1960ರ ದಶಕದಲ್ಲಿ ದೊಡ್ಡ ವಾದ್ಯಮೇಳಗಳ ಜಾಗಕ್ಕೆ ಗಿಟಾರ್ ಹಿಡಿದ ಹುಡುಗರ ಸಣ್ಣ ತಂಡಗಳು, ಅಂದರೆ ಮಿನಿ-ಜಾಝ್, ಬಂದವು.

ಆಮೇಲಿನ ಕಥೆಯೇ ನನ್ನನ್ನು ಹಿಡಿದದ್ದು. ಸರ್ವಾಧಿಕಾರಿ ಡುವಾಲಿಯರ್ ಆಡಳಿತದಲ್ಲಿ ಜನ ದೇಶ ಬಿಟ್ಟರು. ನ್ಯೂಯಾರ್ಕ್, ಮಯಾಮಿ, ಮಾಂಟ್ರಿಯಲ್‌ಗೆ ಹೋದರು. ಬ್ಯಾಂಡ್‌ಗಳೂ ಹಿಂದೆಯೇ ಹೊರಟವು. 1968ರಲ್ಲಿ ರಾಜಧಾನಿಯ ಪಕ್ಕದ ಪೆತಿಯೋಂವಿಲ್‌ನಲ್ಲಿ ಹುಟ್ಟಿದ ಟಾಬು ಕಾಂಬೊ ನ್ಯೂಯಾರ್ಕ್‌ನಲ್ಲಿ ನೆಲೆಯೂರಿತು. ಅವರ 'ನ್ಯೂಯಾರ್ಕ್ ಸಿಟಿ' ಹಾಡು 1975ರಲ್ಲಿ ಗೆದ್ದದ್ದು ಫ್ರಾನ್ಸ್‌ನಲ್ಲಿ! ಸ್ಕಾ ಶಾ ಅಂತೂ ನ್ಯೂಯಾರ್ಕ್‌ನಲ್ಲೇ ಕಟ್ಟಿದ ತಂಡ. ಮ್ಯಾಗ್ನಮ್ ಬ್ಯಾಂಡ್ ಮಯಾಮಿಯದು. ಕೆರಿಬಿಯನ್‌ನ ಫ್ರೆಂಚ್ ದ್ವೀಪಗಳಾದ ಗ್ವಾಡಲೂಪ್, ಮಾರ್ಟಿನೀಕ್‌ಗಳ ಕುಣಿತದ ಅಂಗಳದಲ್ಲೂ ಕೊಂಪಾ ಎಷ್ಟು ಆವರಿಸಿತ್ತು ಅಂದರೆ, ಮುಂದೆ ಕಸಾವ್ ತಂಡದ ಝೂಕ್ ಸಂಗೀತ ಅದರ ಜೊತೆ ಸೆಣಸಿಯೇ ಬೆಳೆಯಬೇಕಾಯಿತು.

ಲೈವ್ ರೆಕಾರ್ಡಿಂಗ್ ಕೇಳಿದರೆ ಇದೆಲ್ಲ ಕಿವಿಗೇ ಗೊತ್ತಾಗುತ್ತೆ. ಹಾಡು ಅರ್ಧಕ್ಕೇ ಮುಗಿದಿರುತ್ತೆ. ತಾಳ ನಿಲ್ಲಲ್ಲ. ಗಾಯಕ ಬ್ರೂಕ್ಲಿನ್, ಮಯಾಮಿ ಅಂತ ಊರುಗಳನ್ನು ಕೂಗುತ್ತಾನೆ, ಎದುರಿಗಿದ್ದವರ ಹೆಸರು ಹಿಡಿದು ಕರೆಯುತ್ತಾನೆ. ಜೋಡಿಗಳು ಅಂಟಿಕೊಂಡು ಕುಣಿಯುತ್ತಿರುತ್ತವೆ. ನನಗೆ ಹಾಡಿಗಿಂತ ಈ ಎರಡನೇ ಅರ್ಧವೇ ಇಷ್ಟ. ಊರು ಬಿಟ್ಟವರು ಶನಿವಾರ ರಾತ್ರಿ ದುಡ್ಡು ಕೊಟ್ಟು ಬರ್ತಿದ್ದದ್ದೂ ಇದಕ್ಕೇ ಅಲ್ವಾ? 1980ರ ದಶಕದ, ಸಿಂಥಸೈಜರ್ ತುಂಬಿದ ಕೊಂಪಾ ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಹಾಗಂತ ಬಿಡೋ ಹಾಗಿಲ್ಲ, ಇವತ್ತಿನ ಬ್ಯಾಂಡ್‌ಗಳ ಕೀಬೋರ್ಡ್ ಸದ್ದು ಅಲ್ಲಿಂದಲೇ ಬಂದದ್ದು.

ಹೀಗಾಗಿ ಪ್ಲಾನ್ ಬದಲಾಗಿದೆ. ನಾಲ್ಕು ನಿಮಿಷದ ಟ್ರ್ಯಾಕನ್ನು ಎಂಟಕ್ಕೆ ಎಳೆದಿದ್ದೇನೆ. ಕೊನೆಯ ನಾಲ್ಕರಲ್ಲಿ ರಾಗ ಬದಲಾಗಲ್ಲ. ಗಾಂಗ್, ತಾಂಬು ಡೋಲು, ಬೇಸ್ ಅಷ್ಟೇ, ಆಗಾಗ ಸ್ಯಾಕ್ಸೊಫೋನ್ ಒಂದು ಸಾಲು ಊದಿ ಹೋಗುತ್ತೆ. ಮುಂದಿನ ವಾರ ಗಿಟಾರ್ ಶುರು. ಚಿಕ್ಕ ಚಿಕ್ಕ ಹೊಡೆತ, ತಂತಿ ತಕ್ಷಣ ಅದುಮಿ ನಿಲ್ಲಿಸಬೇಕು. ನನ್ನ ಎಡಗೈಗೆ ಅದು ಇನ್ನೂ ಒಗ್ಗಿಲ್ಲ.