ಫೆರಿಯನ್ನು ಅರಿಯಬೇಕಾದರೆ ಧಕ್ಕೆಯಲ್ಲಿ ನಿಲ್ಲಿ

ಫೆರಿಗಳ ಹುಚ್ಚು ಹಿಡಿದವರ ನೋಟ್‌ಬುಕ್ಕಿನಲ್ಲಿ ಮೊದಲು ತುಂಬುವುದು ಹಡಗಿನ ಹೆಸರು, ಕಟ್ಟಿದ ವರ್ಷ, ಚಿಮಣಿಯ ಬಣ್ಣ, ಗರಿಷ್ಠ ವೇಗ. ಇವೆಲ್ಲ ಬೇಕು. ಆದರೆ ಬೆಳಗಿನ ಹತ್ತು ನಿಮಿಷದ ತಡ ಸಂಜೆಯಾದರೂ ಯಾಕೆ ಕರಗುವುದಿಲ್ಲ, ಸಮುದ್ರ ತಣ್ಣಗಿದ್ದ ದಿನವೂ ಒಂದು ಟ್ರಿಪ್ ಯಾಕೆ ರದ್ದಾಗುತ್ತದೆ ಎಂದು ಕೇಳಿದರೆ ಆ ವಿವರಗಳು ಬಾಯಿ ಬಿಡುವುದಿಲ್ಲ. ಕರಾವಳಿ ಫೆರಿಯ ದಿನಚರಿ ತೀರ್ಮಾನವಾಗುವುದು ಹಗ್ಗ ಕಟ್ಟಿ ರ‍್ಯಾಂಪ್ ಇಳಿಸುವ ಧಕ್ಕೆಯಲ್ಲಿ. ನಡುಗಡಲಿನ ಪಾಲು ಅದರಲ್ಲಿ ಕಡಿಮೆ.

ಒಂದು ಲೆಕ್ಕ ನೋಡಿ. ಮೂರು ನಾಟಿಕಲ್ ಮೈಲು, ಅಂದರೆ ಸುಮಾರು 5.5 ಕಿ.ಮೀ. ದಾರಿಯನ್ನು 10 ನಾಟ್ (ಗಂಟೆಗೆ 10 ನಾಟಿಕಲ್ ಮೈಲು) ವೇಗದಲ್ಲಿ ದಾಟಲು 18 ನಿಮಿಷ ಬೇಕು. ವೇಗವನ್ನು 11 ನಾಟ್‌ಗೆ ಏರಿಸಿದರೆ 16 ನಿಮಿಷ 22 ಸೆಕೆಂಡ್ ಸಾಕು. ಉಳಿದದ್ದು ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು. ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ ಏರುವುದರಿಂದ ಇಷ್ಟಕ್ಕೇ ಮೂರನೇ ಒಂದು ಭಾಗದಷ್ಟು ಹೆಚ್ಚು ಶಕ್ತಿ ತೆರಬೇಕು. ಅದೇ ಒಂದೂವರೆ ನಿಮಿಷವನ್ನು ಧಕ್ಕೆಯಲ್ಲಿ ಉಳಿಸುವುದು ಸುಲಭ. ರ‍್ಯಾಂಪ್ ಮೇಲೆ ಒಂದು ಸಾಲಿನ ಬದಲು ಎರಡು ಸಾಲಿನಲ್ಲಿ ವಾಹನ ಇಳಿಸಿದರೆ ಆಯಿತು. ಕಳೆದುಕೊಳ್ಳುವುದೂ ಅಷ್ಟೇ ಸುಲಭ. ಸ್ಟಾರ್ಟ್ ಆಗದ ಒಂದು ಕಾರು ಮುಂದಿನ ಸಾಲಿನಲ್ಲಿ ನಿಂತರೆ ಇಡೀ ದಿನದ ವೇಳಾಪಟ್ಟಿ ಜಾರುತ್ತದೆ.

ಹಾಗಾಗಿ ಮಾರ್ಗವೊಂದನ್ನು ಗಂಭೀರವಾಗಿ ಗಮನಿಸುವವರು ಪ್ರತಿ ನಿಲುಗಡೆಗೂ ಆರು ಸಮಯ ಬರೆದುಕೊಳ್ಳಬೇಕು: ಮೊದಲ ಹಗ್ಗ ದಡಕ್ಕೆ ಬಿದ್ದದ್ದು, ರ‍್ಯಾಂಪ್ ಕೂತದ್ದು, ಕೊನೆಯ ವಾಹನ ಇಳಿದದ್ದು, ಮೊದಲ ವಾಹನ ಹತ್ತಿದ್ದು, ರ‍್ಯಾಂಪ್ ಎದ್ದದ್ದು, ಕೊನೆಯ ಹಗ್ಗ ಬಿಚ್ಚಿದ್ದು. ಬರೀ ‘ಬಂದ ಸಮಯ, ಹೊರಟ ಸಮಯ’ ಬರೆದಿಟ್ಟ ಪಟ್ಟಿಯಿಂದ ಏನೂ ಹೊರಡುವುದಿಲ್ಲ. ಈ ಆರನ್ನು ಒಂದು ವಾರ ಬರೆದರೆ ತಡ ಎಲ್ಲಿ ಹುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಅಂತರ ದೊಡ್ಡದಿದ್ದರೆ ತೊಂದರೆ ಹಡಗಿನದಲ್ಲ, ದಡದ ಮೇಲೆ ವಾಹನಗಳನ್ನು ಸಾಲು ನಿಲ್ಲಿಸುವ ಕ್ರಮದ್ದು.

ಎರಡೂ ತುದಿ ಒಂದೇ ಥರ ಇರುವ ಫೆರಿಗಳು ಹುಟ್ಟಿದ್ದೂ ಈ ನಿಮಿಷಗಳಿಗಾಗಿಯೇ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಫೆರಿ, ಹಾಂಗ್‌ಕಾಂಗಿನ ಸ್ಟಾರ್ ಫೆರಿ, ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ಸ್ಟೇಟ್ ಫೆರೀಸ್‌ನ ದೊಡ್ಡ ಹಡಗುಗಳು, ಎಲ್ಲವೂ ಇದೇ ಜಾತಿ. ತಿರುಗಿ ನಿಲ್ಲುವ ಕೆಲಸವೇ ಇಲ್ಲ. ಕಾರು ಫೆರಿಯಾದರೆ ವಾಹನಗಳು ಒಂದು ತುದಿಯಿಂದ ಹತ್ತಿ ಇನ್ನೊಂದರಿಂದ ನೇರ ಇಳಿಯುತ್ತವೆ. ರಾತ್ರಿ ಇವನ್ನು ನೋಡುವುದು ಒಂದು ಖುಷಿ: ಪ್ರತಿ ಟ್ರಿಪ್‌ಗೂ ಕೆಂಪು, ಹಸಿರು ದೀಪಗಳು ಬದಿ ಬದಲಿಸಬೇಕು, ಹೋದ ಸಲದ ಹಿಂಬದಿಯ ಬಿಳಿ ದೀಪ ಆರಿ ಎದುರು ತುದಿಯದು ಹೊತ್ತಿಕೊಳ್ಳಬೇಕು.

ಇನ್ನು ನೀರಿನ ಮಟ್ಟ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ ಇರುವ ಕರಾವಳಿಯಲ್ಲಿ ನೀರು ಸುಮಾರು ಆರು ಗಂಟೆ ಏರಿ ಆರು ಗಂಟೆ ಇಳಿಯುತ್ತದೆ, ಆದರೆ ಸಮನಾಗಿ ಅಲ್ಲ. ನಾವಿಕರು ಬಳಸುವ ಹನ್ನೆರಡರ ಲೆಕ್ಕದಲ್ಲಿ ಮೊದಲ ಗಂಟೆಯಲ್ಲಿ ಒಟ್ಟು ಏರಿಳಿತದ ಹನ್ನೆರಡನೇ ಒಂದು ಭಾಗ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು. ಏರಿಳಿತ 6 ಮೀಟರ್ ಇದ್ದರೆ ನಡುವಿನ ಎರಡು ಗಂಟೆಗಳಲ್ಲೇ 3 ಮೀಟರ್ ಹೋಗಿಬಿಡುತ್ತದೆ, ಅಂದರೆ ನಿಮಿಷಕ್ಕೆ ಎರಡೂವರೆ ಸೆಂಟಿಮೀಟರ್. ಇಪ್ಪತ್ತು ನಿಮಿಷ ನಿಂತ ಹಡಗು ಅರ್ಧ ಮೀಟರ್ ಕೆಳಗಿಳಿದಿರುತ್ತದೆ. ಹಗ್ಗ ಸಡಿಲಿಸುತ್ತ, ರ‍್ಯಾಂಪ್ ಸರಿಪಡಿಸುತ್ತ ಒಬ್ಬರು ಅಲ್ಲೇ ಇರಬೇಕಾಗುತ್ತದೆ.

ಹಡಗು ಮತ್ತು ರಸ್ತೆಯ ನಡುವಿನ ಏರಿಳಿಯುವ ಸೇತುವೆಗೆ ಲಿಂಕ್‌ಸ್ಪ್ಯಾನ್ ಎನ್ನುತ್ತಾರೆ. ವಾಹನಗಳಿಗೆ ಹತ್ತಕ್ಕೆ ಒಂದರ ಇಳಿಜಾರಿಗಿಂತ ಕಡಿದಾದರೆ ಕಷ್ಟ. 40 ಮೀಟರ್ ಉದ್ದದ ಲಿಂಕ್‌ಸ್ಪ್ಯಾನ್ ಮೇಲೆ ನಾಲ್ಕು, ಕೆಳಗೆ ನಾಲ್ಕು ಮೀಟರ್ ಏರಿಳಿತ ತಡೆಯಬೇಕು ಎಂದು ಕಾಗದದ ಮೇಲೆ ಕಾಣುತ್ತದೆ. ವಾಸ್ತವದಲ್ಲಿ ಅಷ್ಟು ಸಿಗುವುದಿಲ್ಲ, ಯಾಕೆಂದರೆ ಮಿತಿ ಹಾಕುವುದು ಇಳಿಜಾರಿಗಿಂತ ಮೊದಲು ಕೀಲಿನ ಬಳಿ ಇಳಿಜಾರು ಒಮ್ಮೆಲೇ ಬದಲಾಗುವ ಮಡಿಕೆ. ಚಕ್ರಗಳ ನಡುವಿನ ಅಂತರ ಉದ್ದವಿರುವ ಟ್ರೇಲರ್‌ಗಳ ಹೊಟ್ಟೆ ಅಲ್ಲಿ ಉಜ್ಜುತ್ತದೆ, ಬಸ್ಸುಗಳ ಹಿಂಭಾಗ ನೆಲಕ್ಕೆ ತಾಗುತ್ತದೆ. ‘ಕಾರು ಮಾತ್ರ, ದೊಡ್ಡ ವಾಹನ ಮುಂದಿನ ಟ್ರಿಪ್‌ಗೆ’ ಎಂಬ ಪ್ರಕಟಣೆಯ ಹಿಂದೆ ಇರುವುದು ಸಾಮಾನ್ಯವಾಗಿ ಇದೇ.

ಇಂಥ ರದ್ದತಿಯನ್ನು ಮೊದಲೇ ಹೇಳಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಒಂದೆರಡು ದಿನಗಳ ನಂತರ ಏರಿಳಿತ ಅತಿ ದೊಡ್ಡದು. ಒಂದೇ ಬಂದರಿನಲ್ಲಿ ಈ ದೊಡ್ಡ ಇಳಿತ ಪ್ರತಿ ಪಕ್ಷವೂ ಗಡಿಯಾರದ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ ಪೆಟ್ಟು ತಿನ್ನುವುದು ಪ್ರತಿ ಸಲ ಅದೇ ಟ್ರಿಪ್. ಇದಕ್ಕೆ ವಾಯುಭಾರವನ್ನೂ ಸೇರಿಸಿ. ಒಂದು ಹೆಕ್ಟೋಪ್ಯಾಸ್ಕಲ್ ಏರಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. 1013 ಇರಬೇಕಾದಲ್ಲಿ 1038 ಇದ್ದರೆ ಭರತ-ಇಳಿತದ ಕೋಷ್ಟಕದಲ್ಲಿ ಅಚ್ಚಾದ ಮಟ್ಟಕ್ಕಿಂತ 25 ಸೆಂಟಿಮೀಟರ್ ಕಡಿಮೆ. ಆಕಾಶ ನೀಲಿ, ಗಾಳಿಯೇ ಇಲ್ಲ, ಆದರೂ ಫೆರಿ ಹೊರಡಲಿಲ್ಲ ಎಂದು ಜನ ಸಿಟ್ಟಾಗುವ ದಿನಗಳಲ್ಲಿ ಮೊದಲು ವಾಯುಭಾರ ನೋಡಿ.

ಆಳ ಕಡಿಮೆಯಿದ್ದಲ್ಲಿ ವೇಗವೂ ಶತ್ರು. ಓಡುವ ಹಡಗು ತನ್ನ ಅಡಿಯ ನೀರನ್ನು ಹಿಂದಕ್ಕೆ ನೂಕಿ ತಾನೇ ಕೆಳಗೆ ಕುಸಿಯುತ್ತದೆ. ತೆರೆದ ಆಳವಿಲ್ಲದ ನೀರಿಗೆ ಬಳಕೆಯಲ್ಲಿರುವ ಸರಳ ಸೂತ್ರ: ಒಡಲಿನ ಬ್ಲಾಕ್ ಗುಣಾಂಕವನ್ನು (ನೀರಿನಡಿಯ ಒಡಲು ಅದೇ ಉದ್ದ, ಅಗಲ, ಆಳದ ಪೆಟ್ಟಿಗೆಯ ಎಷ್ಟು ಭಾಗ ತುಂಬುತ್ತದೆ ಎಂಬ ಅಂಕೆ) ನಾಟ್‌ನಲ್ಲಿರುವ ವೇಗದ ವರ್ಗದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಕುಸಿತ ಮೀಟರಿನಲ್ಲಿ ಸಿಗುತ್ತದೆ. ಗುಣಾಂಕ 0.6 ಇರುವ ಹಡಗು 14 ನಾಟ್‌ನಲ್ಲಿ 1.18 ಮೀಟರ್ ಕುಸಿದರೆ 7 ನಾಟ್‌ನಲ್ಲಿ 0.29 ಮಾತ್ರ. ಇಕ್ಕಟ್ಟಾದ ಕಾಲುವೆಯಲ್ಲಿ ಎರಡರಷ್ಟು. ಬಂದರಿನ ಬಾಯಲ್ಲಿ ಫೆರಿ ಯಾಕೆ ಅಷ್ಟು ನಿಧಾನ ಎನ್ನುವುದಕ್ಕೆ ಇದು ಒಂದು ಕಾರಣ.

ಗಾಳಿಯ ಮಾತಿಗೆ ಬಂದರೆ, ಸಾಮಾನ್ಯ ಕಾರು ಫೆರಿ ದಾಟಲಾರದಷ್ಟು ಅಲೆ ಏಳುವ ಮೊದಲೇ ಅದು ಧಕ್ಕೆಗೆ ಒರಗಲಾರದಷ್ಟು ಗಾಳಿ ಎದ್ದಿರುತ್ತದೆ. ಗಾಳಿಗೆ ಒಡ್ಡಿದ ಪಕ್ಕದ ವಿಸ್ತೀರ್ಣ 1,500 ಚದರ ಮೀಟರ್ ಎಂದಿಟ್ಟುಕೊಳ್ಳಿ. 30 ನಾಟ್ ಗಾಳಿ ಅಡ್ಡ ಬೀಸಿದರೆ ಸುಮಾರು 22 ಟನ್ ಒತ್ತಡ. 40 ನಾಟ್ ಆದರೆ 40 ಟನ್ ಹತ್ತಿರ, ಯಾಕೆಂದರೆ ಒತ್ತಡ ಗಾಳಿಯ ವೇಗದ ವರ್ಗದಂತೆ ಏರುತ್ತದೆ. ಮುಂಭಾಗದಲ್ಲಿ ಅಡ್ಡಲಾಗಿ ನೂಕುವ ಬೋ ಥ್ರಸ್ಟರ್‌ಗಳು ನೂರು ಕಿಲೋವ್ಯಾಟ್‌ಗೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ಬಲ ಕೊಡುತ್ತವೆ. 800 ಕಿಲೋವ್ಯಾಟ್‌ನ ಎರಡು ಇದ್ದರೆ 20 ಟನ್ ಆಸುಪಾಸು. ಹಿಂಭಾಗವನ್ನು ಚುಕ್ಕಾಣಿ, ಪ್ರೊಪೆಲ್ಲರ್‌ಗಳೇ ಹಿಡಿಯಬೇಕು. 30ಕ್ಕೆ ನೆಮ್ಮದಿಯಿಂದ ಬರುತ್ತಿದ್ದ ಕ್ಯಾಪ್ಟನ್ 40ಕ್ಕೆ ಹೊರಗೇ ಕಾಯುವುದು ಈ ಅಂಕಗಣಿತಕ್ಕೆ ತಲೆಬಾಗಿ. ಆದ್ದರಿಂದ ಹವಾಮಾನ ಮುನ್ಸೂಚನೆಯಲ್ಲಿ ಗಾಳಿಯ ವೇಗಕ್ಕಿಂತ ದಿಕ್ಕನ್ನು ಮೊದಲು ನೋಡಬೇಕು. ಧಕ್ಕೆಯ ಉದ್ದಕ್ಕೆ ಸಮಾನಾಂತರ ಬೀಸುವ 40ಕ್ಕಿಂತ ಅಡ್ಡ ಬೀಸುವ 28 ಕೆಟ್ಟದ್ದು. ಲಂಬವಾಗಿ ನಿಂತ ರೆಕ್ಕೆಗಳು ಗುಂಡಗೆ ಸುತ್ತುವ ಫಾಯ್ಟ್ ಷ್ನೈಡರ್ ಪ್ರೊಪೆಲ್ಲರ್ ಇರುವ ಹಡಗು ಯಾವ ದಿಕ್ಕಿಗೆ ಬೇಕಾದರೂ ಕ್ಷಣದಲ್ಲಿ ಬಲ ಹಾಕಬಲ್ಲದು. ಇಕ್ಕಟ್ಟಾದ ಧಕ್ಕೆಗಳ ಫೆರಿಗಳಲ್ಲಿ ಅದು ಇಷ್ಟು ಕಾಲ ಉಳಿದಿರುವುದಕ್ಕೆ ಇದೇ ಕಾರಣ.

ಧಕ್ಕೆಗೂ ಹಡಗಿಗೂ ಹೊಂದಿಕೆ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು 1987ರ ಮಾರ್ಚ್ 6 ತೋರಿಸಿತು. ಬೆಲ್ಜಿಯಮ್ಮಿನ ಝೇಬ್ರುಗ್ಗೆ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮುಂಬಾಗಿಲು ತೆರೆದೇ ಹೋಗಿ ಮಗುಚಿತು, 193 ಜನ ಸತ್ತರು. ಬಾಗಿಲು ಹಾಕಬೇಕಿದ್ದ ಸಿಬ್ಬಂದಿ ನಿದ್ದೆಯಲ್ಲಿದ್ದ ಸಂಗತಿ ಎಲ್ಲರಿಗೂ ನೆನಪಿದೆ. ಧಕ್ಕೆಯ ಪಾತ್ರ ಮರೆತುಹೋಗಿದೆ. ಆ ಹಡಗನ್ನು ಕಟ್ಟಿದ್ದು ಡೋವರ್–ಕ್ಯಾಲೆ ಮಾರ್ಗಕ್ಕೆ, ಎರಡು ಅಂತಸ್ತಿನಲ್ಲಿ ಒಟ್ಟಿಗೆ ವಾಹನ ಹತ್ತಿಸುವ ಲಿಂಕ್‌ಸ್ಪ್ಯಾನ್‌ಗಳಿಗೆ. ಝೇಬ್ರುಗ್ಗೆಯಲ್ಲಿದ್ದದ್ದು ಒಂದೇ ಅಂತಸ್ತಿನದು, ದೊಡ್ಡ ಭರತದಲ್ಲಿ ಮೇಲಿನ ಡೆಕ್ಕಿಗೆ ಎಟುಕುತ್ತಿರಲಿಲ್ಲ. ಅದಕ್ಕಾಗಿ ಮುಂಭಾಗದಲ್ಲಿ ಹಡಗಿನ ಸಮತೋಲ ಹೊಂದಿಸಲು ಇರುವ ಬ್ಯಾಲಾಸ್ಟ್ ಟ್ಯಾಂಕ್‌ಗಳಿಗೆ ನೀರು ತುಂಬಿ ಹಡಗಿನ ಮೂತಿಯನ್ನೇ ತಗ್ಗಿಸುತ್ತಿದ್ದರು. ಹೊರಡುವಾಗ ಆ ನೀರು ಪೂರ್ತಿ ಖಾಲಿಯಾಗಿರಲಿಲ್ಲ. ತಗ್ಗಿದ ಮೂತಿ, ಆಳವಿಲ್ಲದ ನೀರಿನ ಕುಸಿತ, ವೇಗ ಹೆಚ್ಚಿದಂತೆ ಮೂತಿಯ ಮುಂದೆ ಎದ್ದ ಅಲೆ, ಮೂರೂ ಸೇರಿ ನೀರು ವಾಹನದ ಡೆಕ್ಕಿಗೆ ನುಗ್ಗಿತು. ಅಡ್ಡಗೋಡೆಗಳಿಲ್ಲದ ಅಗಲವಾದ ಡೆಕ್ಕಿನಲ್ಲಿ ನೀರು ಒಂದು ಪಕ್ಕಕ್ಕೆ ಹರಿದರೆ ಹಡಗು ಅದರ ಜೊತೆಗೇ ವಾಲುತ್ತದೆ, ವಾಲಿದಷ್ಟೂ ಇನ್ನಷ್ಟು ನೀರು ಅದೇ ಪಕ್ಕಕ್ಕೆ. ಬಾಗಿಲು ಮುಚ್ಚಿದೆಯೇ ಎಂದು ತೋರಿಸುವ ದೀಪ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಇರಲಿಲ್ಲ. ಇಂದು ಅಂಥ ದೀಪ, ಕ್ಯಾಮೆರಾ ಎರಡೂ ಕಡ್ಡಾಯ. ಹಡಗು ಧಕ್ಕೆ ಬಿಡುವ ಮೊದಲು ಬಾಗಿಲು ಪೂರ್ತಿ ಮುಚ್ಚಿದ್ದನ್ನು ನೋಡುವ ಅಭ್ಯಾಸ ಫೆರಿಪ್ರಿಯರಿಗೂ ಇರಲಿ.

ಮೂತಿ ತಗ್ಗಿದೆಯೇ ಎಂದು ದಡದಿಂದಲೇ ಓದಬಹುದು. ಮುಂದೆ, ಹಿಂದೆ ಬರೆದಿರುವ ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ) ಅಂಕೆಗಳು ಮೆಟ್ರಿಕ್ ಆಗಿದ್ದರೆ ಒಂದೊಂದೂ 10 ಸೆಂಟಿಮೀಟರ್ ಎತ್ತರ, ನಡುವೆ 10 ಸೆಂಟಿಮೀಟರ್ ಖಾಲಿ. ಅಂಕೆಯ ಬುಡವೇ ಆ ಅಳತೆ. ನೀರು 4.6ರ ಅರ್ಧಕ್ಕೆ ಬಂದಿದ್ದರೆ 4.65. ಮುಂದಿನ ಓದು ಹಿಂದಿನದಕ್ಕಿಂತ ದೊಡ್ಡದಿದ್ದರೆ ಮೂತಿ ತಗ್ಗಿದೆ.

ವಿದ್ಯುತ್ ಫೆರಿಗಳ ಕಥೆಯೂ ಧಕ್ಕೆಯದೇ. ನಾರ್ವೆಯ ಸೋಗ್ನೆಫ್ಯೋರ್ಡಿನಲ್ಲಿ ಲಾವಿಕ್–ಒಪ್ಪೆದಾಲ್ ನಡುವೆ 2015ರಲ್ಲಿ ಓಡಲಾರಂಭಿಸಿದ ‘ಆಂಪಿಯರ್’ 120 ಕಾರು ಹೊರುತ್ತದೆ, ದಾಟಲು ಸುಮಾರು 20 ನಿಮಿಷ. ಹಡಗಿನ ಬ್ಯಾಟರಿ ಒಂದು ಮೆಗಾವ್ಯಾಟ್ ಅವರ್ ಆಸುಪಾಸು. ತೊಡಕು ಬ್ಯಾಟರಿಯಲ್ಲಿರಲಿಲ್ಲ. ನಿಂತ ಹತ್ತು ನಿಮಿಷದಲ್ಲಿ ಮುಂದಿನ ಟ್ರಿಪ್ಪಿಗೆ ಬೇಕಾದಷ್ಟು ವಿದ್ಯುತ್ ಎಳೆದರೆ ಎರಡೂ ದಡದ ಪುಟ್ಟ ಊರುಗಳ ಲೈನ್ ತಡೆಯುತ್ತಿರಲಿಲ್ಲ. ಪರಿಹಾರವಾಗಿ ದಡದಲ್ಲೂ ಬ್ಯಾಟರಿ ಇಟ್ಟರು. ಅದು ನಿಧಾನವಾಗಿ ತುಂಬಿಕೊಂಡು ಹಡಗು ಬಂದಾಗ ಒಮ್ಮೆಲೇ ಸುರಿಯುತ್ತದೆ. ಹೊಸ ಬ್ಯಾಟರಿ ಫೆರಿಯ ಸುದ್ದಿ ಬಂದಾಗ ಹಡಗಿನ ಮೆಗಾವ್ಯಾಟ್ ಅವರ್ ಅಂಕಿಗಿಂತ ಚಾರ್ಜರಿನ ಮೆಗಾವ್ಯಾಟ್ ಎಷ್ಟು, ಪ್ಲಗ್ ಜೋಡಿಸಲು ಎಷ್ಟು ಸೆಕೆಂಡ್ ಎಂದು ನಾನು ಮೊದಲು ಹುಡುಕುವುದು ಇದರಿಂದಲೇ.

ದೂರದಿಂದ ಹಿಂಬಾಲಿಸಲು ಎಐಎಸ್, ಅಂದರೆ ಹಡಗುಗಳು ರೇಡಿಯೊದಲ್ಲಿ ತಮ್ಮನ್ನು ತಾವೇ ಗುರುತಿಸಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ಇದೆ. ಹಡಗುಗಳು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ತಮ್ಮ ಸ್ಥಾನ, ವೇಗ ಬಿತ್ತರಿಸುತ್ತವೆ. ಒಂದು ಯುಎಸ್‌ಬಿ ರೇಡಿಯೊ ಡಾಂಗಲ್, 44ರಿಂದ 46 ಸೆಂಟಿಮೀಟರಿನ ಕಾಲು ತರಂಗದ ಆಂಟೆನಾ, ಒಂದು ಪುಟ್ಟ ಕಂಪ್ಯೂಟರ್ ಇದ್ದರೆ ಸ್ವಂತ ಕೇಂದ್ರ ಸಿದ್ಧ. ಎಟುಕುವ ದೂರಕ್ಕೆ ಎರಡೂ ಆಂಟೆನಾಗಳ ಎತ್ತರದ ವರ್ಗಮೂಲ ಕೂಡಿಸಿ 2.2ರಿಂದ ಗುಣಿಸಿ. ಹಡಗಿನದು 25 ಮೀಟರ್, ನಿಮ್ಮದು 9 ಮೀಟರ್ ಆದರೆ 17.6 ನಾಟಿಕಲ್ ಮೈಲು. ಎಡವುವುದು ಹೆಚ್ಚಾಗಿ ಕೇಬಲಿನಲ್ಲಿ. ತೆಳ್ಳಗಿನ ಆರ್‌ಜಿ-58 ಕೇಬಲ್ 15 ಮೀಟರ್ ಎಳೆದರೆ ಸಿಗ್ನಲ್ಲಿನ ಅರ್ಧ ಅಲ್ಲೇ ಹೋಗುತ್ತದೆ. ಡಾಂಗಲನ್ನೇ ಆಂಟೆನಾ ಬುಡದಲ್ಲಿಟ್ಟು ಅಲ್ಲಿಂದ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಅಗ್ಗದ ಡಾಂಗಲ್ ಆವರ್ತನದಲ್ಲಿ ಹತ್ತು ಲಕ್ಷಕ್ಕೆ 50 ಭಾಗ ತಪ್ಪಿದರೆ ಇಲ್ಲಿ 8 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿದಂತೆ. ಚಾನೆಲ್‌ಗಳು ತಲಾ 25 ಕಿಲೋಹರ್ಟ್ಸ್ ಅಗಲವಷ್ಟೇ ಇರುವುದರಿಂದ ಅದು ಸಣ್ಣ ತಪ್ಪಲ್ಲ, ಸಾಫ್ಟ್‌ವೇರಿನಲ್ಲಿ ತಿದ್ದಬೇಕು.

ಪರದೆಯಲ್ಲಿ ಕಂಡದ್ದನ್ನೆಲ್ಲ ನಂಬಬಾರದು. ಸ್ಥಾನ, ವೇಗ ಯಂತ್ರದಿಂದ ಬರುತ್ತವೆ. ಸೇರುವ ಬಂದರು, ಡ್ರಾಫ್ಟ್, ‘ಕಟ್ಟಿ ನಿಂತಿದೆ’ ಎಂಬ ಸ್ಥಿತಿ ಇವೆಲ್ಲ ಕೈಯಿಂದ ತುಂಬಿದವು. ದಿನವಿಡೀ ಹೋಗಿ ಬರುವ ಫೆರಿಯಲ್ಲಿ ಇವನ್ನು ಯಾರೂ ಪ್ರತಿ ಸಲ ಬದಲಿಸುವುದಿಲ್ಲ. ಎರಡು ಮೂತಿಯ ಫೆರಿ ನಕ್ಷೆಯಲ್ಲಿ ಹಿಂದುಮುಂದಾಗಿ ಓಡುವಂತೆ ಕಂಡರೆ ಅದೂ ದೋಷವಲ್ಲ, ದಿಕ್ಸೂಚಿ ಒಂದೇ ತುದಿಗೆ ಹೊಂದಿಸಿದ್ದು. ಹೆಸರು, ಧ್ವಜ, ರೇಡಿಯೊ ಗುರುತಿನ ಒಂಬತ್ತು ಅಂಕೆ ಮೂರೂ ಮಾರಾಟವಾದಾಗ ಬದಲಾಗಬಹುದು. ಬದಲಾಗದ್ದು ಏಳಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ. ಬರೆದುಕೊಳ್ಳುವಾಗ ತಪ್ಪಿದೆಯೇ ಎಂದು ಅಲ್ಲೇ ಪರೀಕ್ಷಿಸಬಹುದು: ಮೊದಲ ಆರು ಅಂಕೆಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, ಮೊತ್ತದ ಕೊನೆಯ ಅಂಕೆ ಏಳನೆಯದಕ್ಕೆ ಹೊಂದಬೇಕು. 9074729 ತೆಗೆದುಕೊಳ್ಳಿ: 63, 0, 35, 16, 21, 4, ಮೊತ್ತ 139, ಕೊನೆಯದು 9, ಸರಿಯಾಗಿದೆ.

ಈ ಎಲ್ಲ ತಿಳಿವಳಿಕೆ ಒಟ್ಟಿಗೆ ಕೆಲಸಕ್ಕೆ ಬರುವುದು ರಿಪೇರಿ ಕಾಲದಲ್ಲಿ. ಅಂತರರಾಷ್ಟ್ರೀಯ ಮಾರ್ಗದ ಪ್ರಯಾಣಿಕ ಹಡಗಿನ ಸುರಕ್ಷತಾ ಪ್ರಮಾಣಪತ್ರದ ಅವಧಿ 12 ತಿಂಗಳು ಮೀರುವಂತಿಲ್ಲ. ದೇಶದೊಳಗಿನ ಮಾರ್ಗಗಳಲ್ಲೂ ವಾರ್ಷಿಕ ತಪಾಸಣೆ ಸಾಮಾನ್ಯ. ಜನಸಂದಣಿ ಕಡಿಮೆಯಿರುವ ತಿಂಗಳುಗಳಲ್ಲಿ ಹಡಗುಗಳು ಸರದಿಯಲ್ಲಿ, ನೀರು ಖಾಲಿ ಮಾಡಿ ರಿಪೇರಿ ಮಾಡುವ ಡ್ರೈಡಾಕ್‌ಗೆ ಹೋಗುತ್ತವೆ, ಬದಲಿ ಹಡಗುಗಳು ಬರುತ್ತವೆ. ಯಾವುದು ಬರಬಹುದು ಎಂದು ಊಹಿಸುವಾಗ ಕಾರುಗಳ ಲೆಕ್ಕ ಕೊನೆಗಿರಲಿ. ಅದರ ಡ್ರಾಫ್ಟ್‌ಗೆ ಆಳ ಸಾಲುತ್ತದೆಯೇ, ಬಾಗಿಲಿನ ಅಗಲ ಲಿಂಕ್‌ಸ್ಪ್ಯಾನ್‌ಗೆ ಹೊಂದುತ್ತದೆಯೇ, ಪ್ರಯಾಣಿಕರ ಕಾಲುಸೇತುವೆಯ ಎತ್ತರಕ್ಕೆ ಪಕ್ಕದ ಬಾಗಿಲು ಇದೆಯೇ, ಹಡಗು ಒರಗುವ ಮೆತ್ತೆಗಳಾದ ಫೆಂಡರ್‌ಗಳು ಒಡಲಿನ ಚಪ್ಪಟೆ ಭಾಗಕ್ಕೇ ಬೀಳುತ್ತವೆಯೇ ಎಂದು ಮೊದಲು ನೋಡಿ. ಹೊಸದಾಗಿ ಬಂದ ಹಡಗು ಜನರನ್ನು ಹತ್ತಿಸುವ ಮೊದಲು ಖಾಲಿಯಾಗಿ ಒರಗಿ ನೋಡುವ ಪರೀಕ್ಷೆ ಮಾಡುತ್ತದೆ. ಅದಕ್ಕೆ ಪ್ರಕಟಣೆ ಇರುವುದಿಲ್ಲ. ಕೊನೆಯ ಟ್ರಿಪ್ ಮುಗಿದ ಮೇಲೆ ಅಥವಾ ಮೊದಲನೆಯದಕ್ಕೆ ಮುಂಚೆ, ನೀರು ಅತಿ ಕೆಳಗಿರುವ ಹೊತ್ತನ್ನೂ ಅತಿ ಮೇಲಿರುವ ಹೊತ್ತನ್ನೂ ಕೋಷ್ಟಕದಲ್ಲಿ ಗುರುತಿಸಿಕೊಂಡು ಎಐಎಸ್ ತೆರೆದಿಟ್ಟರೆ ಸಿಗುತ್ತದೆ.